ಒಂದು ಗೇಣಿನ ಬೆಲೆ

ಸೂಟ್‌ಕೇಸು ತೂಗುವ ಕೈತಕ್ಕಡಿ 23 ಕಿಲೋ 600 ಗ್ರಾಂ ತೋರಿಸಿತು. ಇರಬೇಕಾದದ್ದು 23. ಮಿಕ್ಕ 600 ಗ್ರಾಮನ್ನು ಎಲ್ಲಿಂದ ತೆಗೆಯಲಿ ಎಂದು ನಾನು ಹಜಾರದ ನೆಲದ ಮೇಲೆ ಕೂತು ಒಂದೊಂದೇ ಪೊಟ್ಟಣವನ್ನು ಕೈಯಲ್ಲಿ ಹಿಡಿದು ನೋಡುತ್ತಿದ್ದೆ. ಸೀಗೆಪುಡಿ ತೆಗೆಯುವ ಹಾಗಿಲ್ಲ. ಬಾಣಂತಿ ಸಾರಿನ ಪುಡಿ ತೆಗೆಯುವ ಹಾಗಿಲ್ಲ. ನಮ್ಮತ್ತೆ ಉಟ್ಟು ಉಟ್ಟು ಮೆತ್ತಗಾದ ಎರಡು ಹತ್ತಿ ಸೀರೆಗಳಿದ್ದವು. ಮೊಮ್ಮಗು ಬಂದಾಗ ಹಾಸಲು ಹೊದಿಸಲು ಆಗುತ್ತದೆಂದು ಎಷ್ಟೋ ವರ್ಷದಿಂದ ಬೀರುವಿನಲ್ಲಿ ಎತ್ತಿಟ್ಟಿದ್ದವು. ಅವನ್ನಂತೂ ಮುಟ್ಟುವ ಮಾತೇ ಇಲ್ಲ. ಕೊನೆಗೆ ನನ್ನ ದಪ್ಪ ಸ್ವೆಟರನ್ನು ತೆಗೆದು, ಮೈಮೇಲೆ ಹಾಕಿಕೊಂಡೇ ಹೋದರಾಯಿತು ಎಂದು ಪಕ್ಕಕ್ಕಿಟ್ಟೆ. ಆಗ ಫೋನು ಸದ್ದು ಮಾಡಿತು.

ವಿಮಾನದವರ ಮೇಲ್. ನಿಮ್ಮ ಸೀಟನ್ನು ಮುಂದಿನ ಕ್ಯಾಬಿನ್ನಿಗೆ ಏರಿಸಿಕೊಳ್ಳಬಹುದು, ಎಷ್ಟು ಕೊಡುತ್ತೀರೋ ನೀವೇ ಹೇಳಿ ಎಂದಿತ್ತು. ಕೆಳಗೊಂದು ಕಮಾನು, ಅದರ ಮೇಲೊಂದು ಮುಳ್ಳು. ಕಡಿಮೆ ಹೇಳಿದರೆ ಮುಳ್ಳು ಕೆಂಪಿನಲ್ಲಿ ನಿಲ್ಲುತ್ತದೆ, ಹೆಚ್ಚು ಹೇಳಿದಂತೆ ಹಳದಿ ದಾಟಿ ಹಸಿರಿಗೆ ಬರುತ್ತದೆ. ತೀರಾ ಕಡಿಮೆ ಎಂದರೆ ಒಬ್ಬರಿಗೆ 31 ಸಾವಿರ. ಟಿಕೆಟ್ಟಿನಲ್ಲಿ ಇಬ್ಬರ ಹೆಸರೂ ಒಟ್ಟಿಗೆ ಇದ್ದದ್ದರಿಂದ ಇಬ್ಬರಿಗೂ ಸೇರಿಸಿಯೇ ಹೇಳಬೇಕು. ಅಂದರೆ 62 ಸಾವಿರ.

ನಮ್ಮವರು ಕನ್ನಡಕ ಏರಿಸಿಕೊಂಡು ಓದಿದರು. ಓದಿ, "ಹಾಸಿಗೆ ಇದ್ದಷ್ಟು ಕಾಲು ಚಾಚು ಅಂತ ನಮ್ಮಪ್ಪ ಹೇಳೋರು" ಎಂದರು.

"ನಿಮ್ಮ ಕಾಲು ಆ ಹಾಸಿಗೇಲಿ ಹಿಡಿಸಲ್ಲವಲ್ರೀ" ಎಂದೆ. ಅವರು ಆರಡಿಯ ಮನುಷ್ಯ. ಮೈಸೂರಿನ ಸಿಟಿ ಬಸ್ಸಿನಲ್ಲೇ ಮೊಣಕಾಲನ್ನು ಓರೆ ಮಾಡಿಕೊಂಡು ಕೂರುತ್ತಾರೆ.

ಮೈಸೂರಿನಿಂದ ಫ್ಲೈಬಸ್ಸಿನಲ್ಲಿ ದೇವನಹಳ್ಳಿ, ಅಲ್ಲಿಂದ ಕೊಲ್ಲಿಯ ಊರಿಗೆ ನಾಲ್ಕು ಗಂಟೆ, ಅಲ್ಲಿ ಕಾದು ಮತ್ತೊಂದು ವಿಮಾನದಲ್ಲಿ ಸ್ಯಾನ್ ಫ್ರಾನ್ಸಿಸ್ಕೋಗೆ ಹದಿನಾರು ಗಂಟೆ. ಹೆರಿಗೆಗೆ ಇನ್ನೂ ಎರಡು ವಾರ ಇರುವಾಗಲೇ ಅಲ್ಲಿರುವ ಮಗಳಿಗೆ ನೋವು ಬಂದು ಮಗು ಹುಟ್ಟಿಬಿಟ್ಟಿತ್ತು. ಮೊದಲಿನ ಟಿಕೆಟ್ಟನ್ನು ಬಿಟ್ಟು ಸಿಕ್ಕಿದ್ದನ್ನು ತೆಗೆದುಕೊಂಡದ್ದರಿಂದ ಸೀಟು ಆರಿಸುವ ಭಾಗ್ಯವೂ ಇರಲಿಲ್ಲ. ಮೂರು-ನಾಲ್ಕು-ಮೂರರ ಸಾಲಿನಲ್ಲಿ ನಡುವಿನ ನಾಲ್ಕರೊಳಗೆ ಅವರಿಗೊಂದು ಐಲ್ ಸೀಟು, ಅದಕ್ಕಂಟಿದ ಒಳಗಿನದು ನನಗೆ. ಮಗಳ ಮನೆಯಲ್ಲಿ ಹನ್ನೊಂದು ದಿನದ ಬಾಣಂತಿ, ಹನ್ನೊಂದು ದಿನದ ಕೂಸು. ಅಳಿಯ ಒಬ್ಬನೇ ರಾತ್ರಿಯೆಲ್ಲ ಎದ್ದು ಕೂತು ಬೆಳಗ್ಗೆ ಕೆಲಸಕ್ಕೆ ಓಡುತ್ತಿದ್ದ.

ಆ ರಾತ್ರಿ ನಿದ್ದೆ ಬರಲಿಲ್ಲ. 62 ಸಾವಿರ ಕೊಟ್ಟರೆ ಸಿಗುವುದಾದರೂ ಏನು ಎಂದು ಲೆಕ್ಕ ಹಾಕುತ್ತಾ ಮಲಗಿದೆ. ವಿಮಾನದ ಸೀಟಿಗೆ ಪಿಚ್ ಎಂದು ಒಂದು ಅಳತೆ ಇದೆ. ಒಂದು ಸೀಟಿನ ಬೆನ್ನಿನಿಂದ ಮುಂದಿನ ಸೀಟಿನ ಬೆನ್ನಿನವರೆಗಿನ ದೂರ. ಅದರಲ್ಲಿ ಸೀಟಿನ ದಪ್ಪವೂ ಸೇರಿರುವುದರಿಂದ ಕಾಲಿಗೆ ಸಿಗುವುದು ಅದಕ್ಕಿಂತ ಕಡಿಮೆಯೇ. ದೂರದ ಹಾರಾಟಗಳ ಎಕಾನಮಿಯಲ್ಲಿ ಇದು ಸಾಮಾನ್ಯವಾಗಿ 31, 32 ಅಂಗುಲ. ಮುಂದಿನ ಕ್ಯಾಬಿನ್ನಿನಲ್ಲಿ, ಅಂದರೆ ಪ್ರೀಮಿಯಂ ಎಕಾನಮಿಯಲ್ಲಿ, ಸುಮಾರು 38. ಅಗಲ ಎಕಾನಮಿಯಲ್ಲಿ 17, 18 ಅಂಗುಲ, ಮುಂದೆ ಒಂದೆರಡು ಅಂಗುಲ ಜಾಸ್ತಿ. ನಮ್ಮ ಹಿರಿಯರ ಅಳತೆಯಲ್ಲಿ ಹೇಳುವುದಾದರೆ ಹಿಂದೆ ಕೂತವರಿಗೆ ಒಂದು ಮೊಳ ಅಗಲ. ದೇವರಾಜ ಮಾರುಕಟ್ಟೆಯಲ್ಲಿ ಮಲ್ಲಿಗೆ ಹೂವನ್ನು ಮೊಳಕೈಯಿಂದ ಬೆರಳ ತುದಿಯವರೆಗೆ ಅಳೆದು ಕತ್ತರಿಸಿ ಕೊಡುತ್ತಾರಲ್ಲ, ಅಷ್ಟು. ಮುಂದಿನ ಕ್ಯಾಬಿನ್ನಿಗೆ ಹೋದರೆ ಕಾಲಿಗೆ ಹೆಚ್ಚಾಗಿ ಸಿಗುವುದು ಆರೇಳು ಅಂಗುಲ. ಹೆಬ್ಬೆರಳು ಕಿರುಬೆರಳು ಚಾಚಿದರೆ ಒಂದು ಗೇಣು. ಅಷ್ಟು ಕೂಡ ಇಲ್ಲ.

ಹಾಸಿಗೆಯೇ ಬೇಕು ಎಂದರೆ ಬಿಸಿನೆಸ್ ಕ್ಲಾಸಿಗೆ ಹೋಗಬೇಕು. ಅಲ್ಲಿ ಸೀಟು ಪೂರ್ತಿ ಮಲಗುತ್ತದೆ. ಆ ಬೆಲೆಯಲ್ಲಿ ನಾವಿಬ್ಬರೂ ಎಕಾನಮಿಯಲ್ಲಿ ಮತ್ತೊಮ್ಮೆ ಹೋಗಿ ಬರಬಹುದು, ಮೇಲೆ ಹಣ ಉಳಿಯಲೂಬಹುದು. ಹೀಗಾಗಿಯೇ ನಡುವೆ ಒಂದು ಮೆಟ್ಟಿಲು ಇರಲಿ ಎಂದು 1990ರ ದಶಕದ ಆರಂಭದಲ್ಲಿ ತೈವಾನಿನ ಇವಿಎ ಏರ್, ಬ್ರಿಟನ್ನಿನ ವರ್ಜಿನ್ ಅಟ್ಲಾಂಟಿಕ್ ಈ ಪ್ರೀಮಿಯಂ ಎಕಾನಮಿಯನ್ನು ಶುರುಮಾಡಿದವು. ಈಗ ಸಿಂಗಪುರದಿಂದ ನ್ಯೂಯಾರ್ಕಿಗೆ ಸುಮಾರು 15,300 ಕಿಲೋಮೀಟರು ಒಂದೇ ಉಸಿರಿಗೆ ಹಾರುವ ವಿಮಾನದಲ್ಲಿ ಎಕಾನಮಿಯೇ ಇಲ್ಲ. 67 ಬಿಸಿನೆಸ್ ಸೀಟು, 94 ಪ್ರೀಮಿಯಂ ಎಕಾನಮಿ ಸೀಟು, ಅಷ್ಟೇ. ಹದಿನೆಂಟು ಗಂಟೆಗೆ ಒಂದು ಮೊಳ ಅಗಲ ಸಾಲದು ಎಂದು ವಿಮಾನದವರೇ ಒಪ್ಪಿಕೊಂಡ ಹಾಗಾಯಿತು ಎಂದು ನನಗೆ ಅನ್ನಿಸುತ್ತದೆ.

ಈ ಅಂಗುಲಗಳ ಲೆಕ್ಕ ನನ್ನನ್ನು ಎಲ್ಲಿಗೋ ಕರೆದುಕೊಂಡು ಹೋಯಿತು. ನಾನು ಹೈಸ್ಕೂಲಿನಲ್ಲಿದ್ದಾಗ ನಮ್ಮಜ್ಜಿಯನ್ನು ಕಾಶಿಗೆ ಕರೆದುಕೊಂಡು ಹೋದರು, ಜೊತೆಗೆ ನಾವೂ ಹೋದೆವು. ಎರಡನೇ ದರ್ಜೆಯ ರೈಲಿನಲ್ಲಿ ಮಲಗಲು ಮರದ ಪಟ್ಟಿಗಳು. ಅಪ್ಪ ಜಮಖಾನ ಹಾಸಿದರು, ಅದರ ಮೇಲೆ ಅಜ್ಜಿಯ ಕಂಬಳಿ ಹಾಸಿದರು. ಆದರೂ ಬೆಳಗ್ಗೆ ಎದ್ದಾಗ ಅಜ್ಜಿಯ ತೋಳಿನ ಮೇಲೆ ಪಟ್ಟಿಗಳ ಗುರುತು ಗೀಟು ಹಾಕಿದ ಹಾಗೆ ಮೂಡಿತ್ತು. ಆ ಕೈಯನ್ನು ನಾನು ಒತ್ತಿದ್ದು, ಅಜ್ಜಿ "ಸಾಕು ಬಿಡು ಮಗಾ, ಗಂಗೇಲಿ ಅದ್ದಿದರೆ ಹೋಗತ್ತೆ" ಅಂದದ್ದು ಇವತ್ತಿಗೂ ನೆನಪಿದೆ.

ಅದಾಗಿ ಎರಡು ಮೂರು ವರ್ಷಕ್ಕೆ ಮರದ ಪಟ್ಟಿ ಮಾಯವಾಗತೊಡಗಿತು. 1977ರಲ್ಲಿ ಜನತಾ ಸರ್ಕಾರ ಬಂದು ಮಧು ದಂಡವತೆ ರೈಲ್ವೆ ಮಂತ್ರಿಯಾದರು. ಮುಂಬೈಯ ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುತ್ತಿದ್ದ ಸಮಾಜವಾದಿ, ಕೊಂಕಣದ ರಾಜಾಪುರದಿಂದ ಗೆದ್ದು ಬಂದವರು. ಎರಡನೇ ದರ್ಜೆಯ ಮಲಗುವ ಹಲಗೆಗೆ ಎರಡು ಅಂಗುಲ ದಪ್ಪದ ಫೋಮ್ ಹಾಕಿಸಿದವರು ಅವರೇ. ಮೇಲಿನ ದರ್ಜೆಯೇ ಇಲ್ಲದ ಗೀತಾಂಜಲಿ ಎಕ್ಸ್‌ಪ್ರೆಸ್ ಮುಂಬೈಯಿಂದ ಹೌರಾಕ್ಕೆ ಓಡತೊಡಗಿದ್ದೂ ಅವರ ಕಾಲದಲ್ಲಿ, 1977ರ ಡಿಸೆಂಬರಿನಲ್ಲಿ. ಎರಡೇ ಅಂಗುಲ. ಆದರೆ ಯಾರ ಹತ್ತಿರವೂ ಅದಕ್ಕೆಂದು ಬೇರೆ ಹಣ ಕೇಳಲಿಲ್ಲ, ಎಷ್ಟು ಕೊಡುತ್ತೀರಿ ಎಂದು ಮುಳ್ಳು ತೋರಿಸಲಿಲ್ಲ. ಇಡೀ ದೇಶದ ಬಡವರ ಬೆನ್ನಿಗೆ, ಬಾಣಂತಿಯರ ಸೊಂಟಕ್ಕೆ, ಕಾಶಿಗೆ ಹೋಗುವ ಅಜ್ಜಿಯರ ತೋಳಿಗೆ ಸಿಕ್ಕ ಅಪ್‌ಗ್ರೇಡ್ ಅದು. ನಾನು ಬಾಳಿನಲ್ಲಿ ಕಂಡ ದೊಡ್ಡ ಕೆಲಸಗಳಲ್ಲಿ ಅದನ್ನೂ ಎಣಿಸುತ್ತೇನೆ. ನಮ್ಮಜ್ಜಿ ಅದರ ಮೇಲೆ ಒಂದು ಸಲವೂ ಮಲಗಲಿಲ್ಲ ಎನ್ನುವ ಸಂಕಟ ಮಾತ್ರ ಉಳಿದಿದೆ.

ಮರದ ಪಟ್ಟಿ ಅಷ್ಟು ಕಾಲ ಇದ್ದದ್ದಾದರೂ ಏಕೆ? ಫೋಮಿಗೆ ಹಣ ಇರಲಿಲ್ಲ ಎಂದು ಹೇಳಿದರೆ ನಾನು ನಂಬುವುದಿಲ್ಲ. ಫ್ರಾನ್ಸಿನಲ್ಲಿ ಜ್ಯೂಲ್ ದ್ಯುಪ್ವಿ ಎಂಬ ಎಂಜಿನಿಯರು 1849ರಲ್ಲೇ ಇದನ್ನು ಬಿಡಿಸಿ ಹೇಳಿದ್ದ. ಆಗ ಅಲ್ಲಿ ಕೆಲವು ಕಂಪನಿಗಳ ಮೂರನೇ ದರ್ಜೆಯ ರೈಲುಗಾಡಿಗೆ ಮಾಡೇ ಇರಲಿಲ್ಲ, ಕೂರಲು ಬರಿಯ ಮರದ ಹಲಗೆ. ಮಾಡು ಹಾಕಲು ಆಗುತ್ತಿದ್ದ ಖರ್ಚು ಅಲ್ಪ. ಹಾಕದೆ ಬಿಟ್ಟದ್ದಕ್ಕೆ ಅವನು ಕೊಟ್ಟ ಕಾರಣ ಬೇರೆ: ಎರಡನೇ ದರ್ಜೆಯ ದುಡ್ಡು ಕೊಡಬಲ್ಲವನು ಮೂರನೆಯದರಲ್ಲಿ ಕೂರಬಾರದು. ಉಳ್ಳವನನ್ನು ಹೆದರಿಸಲಿಕ್ಕಾಗಿ ಇಲ್ಲದವನನ್ನು ಮಳೆಯಲ್ಲಿ ನೆನೆಸುವುದು. ಇದನ್ನು ಮೊದಲ ಸಲ ಓದಿದಾಗ ನನಗೆ ಹೊಟ್ಟೆಯೊಳಗೆ ಕಿವುಚಿದ ಹಾಗಾಯಿತು.

ವಿಮಾನದಲ್ಲೂ ಇದೇ ಕಥೆ ಇದೆ. ಅಟ್ಲಾಂಟಿಕ್ ದಾಟುವ ಹಾರಾಟಗಳಲ್ಲಿ ಎಕಾನಮಿ ದರ್ಜೆ ಬಂದದ್ದು 1958ರಲ್ಲಿ. ವಿಮಾನ ಸಂಸ್ಥೆಗಳೆಲ್ಲ ಕೂಡಿ ಮಾಡಿಕೊಂಡ ನಿಯಮದ ಪ್ರಕಾರ ಆ ಅಗ್ಗದ ದರ್ಜೆಯವರಿಗೆ ಬಿಸಿ ಊಟ ಕೊಡುವಂತಿಲ್ಲ, ಸ್ಯಾಂಡ್‌ವಿಚ್ ಮಾತ್ರ. ಸ್ಕ್ಯಾಂಡಿನೇವಿಯಾದವರಲ್ಲಿ ಸ್ಯಾಂಡ್‌ವಿಚ್ ಎಂದರೆ ಒಂದು ಹೋಳು ಬ್ರೆಡ್ಡಿನ ಮೇಲೆ ಮೀನು, ಮಾಂಸ, ಚೀಸ್, ತರಕಾರಿ ಎಲ್ಲ ಪೇರಿಸಿದ ತಟ್ಟೆ ತುಂಬ ಊಟ. ಅವರ ಎಸ್‌ಎಎಸ್ ಸಂಸ್ಥೆ ತಮ್ಮ ರೂಢಿಯ ಹಾಗೆ ಅದನ್ನೇ ಕೊಟ್ಟಿತು. ಅಮೆರಿಕದ ಪ್ಯಾನ್ ಆಮ್ ದೂರು ಕೊಟ್ಟಿತು, ವಿಚಾರಣೆ ನಡೆದು ಎಸ್‌ಎಎಸ್ ದಂಡ ತೆರಬೇಕಾಯಿತು. ಹಸಿದವನಿಗೆ ಹೊಟ್ಟೆ ತುಂಬ ಬಡಿಸಿದ್ದಕ್ಕೆ ದಂಡ! ಸಾರಿನ ಬಕೆಟ್ಟು ಹಿಡಿದು ಪಂಕ್ತಿಯಲ್ಲಿ ಇನ್ನೂ ಸ್ವಲ್ಪ, ಇನ್ನೂ ಸ್ವಲ್ಪ ಎಂದು ಬಗ್ಗಿ ಬಡಿಸುವವರ ನಡುವೆ ಬೆಳೆದ ನನಗೆ ಈ ಕಥೆ ಜೀರ್ಣವಾಗುವುದೇ ಇಲ್ಲ.

ಇದನ್ನೆಲ್ಲ ಬೆಳಗ್ಗೆ ಕಾಫಿ ಹೊತ್ತಿಗೆ ನಮ್ಮವರಿಗೆ ಹೇಳಿದೆ. "ಹಾಸಿಗೆ ಇದ್ದಷ್ಟು ಕಾಲು ಚಾಚು ಅನ್ನೋದು ಸರಿ. ಆದ್ರೆ ಹಾಸಿಗೆ ಉದ್ದ ನಿಗದಿ ಮಾಡೋರು ಯಾರು? ಬೇಕೂ ಅಂತ ಚಿಕ್ಕದು ಹೊಲಿದಿಟ್ರೆ?" ಎಂದು ಕೇಳಿದೆ. ಅವರು ಲೋಟ ಕೆಳಗಿಟ್ಟು, "ಹಾಗಾದ್ರೆ ದುಡ್ಡು ಕೊಟ್ಟು ಅವರ ಕೈ ಇನ್ನೂ ಮೇಲೆ ಮಾಡೋದು ಯಾಕೆ?" ಎಂದರು. ಅದೂ ನ್ಯಾಯವಾದ ಮಾತು. ನಾನು ಸುಮ್ಮನಾದೆ.

ರಾತ್ರಿ ಮಗಳು ವಿಡಿಯೋ ಕಾಲ್ ಮಾಡಿದಳು. ತೊಡೆಯ ಮೇಲೆ ಮಗು. "ಅಮ್ಮ, ನಾನೇ ಕಟ್ತೀನಿ. ಇಬ್ರೂ ಮುಂದೆ ಕೂತ್ಕೊಂಡು ಬನ್ನಿ. ಅಪ್ಪನ ಕಾಲು ನೆನೆಸ್ಕೊಂಡ್ರೆ ನಂಗೆ ಇಲ್ಲಿ ಕೂರಕ್ಕಾಗಲ್ಲ" ಎಂದಳು. ಅವಳ ಕಣ್ಣ ಕೆಳಗೆ ಕಪ್ಪು. ಆ ಮುಖ ನೋಡಿ ಅವಳ ಕೈಯಿಂದ ದುಡ್ಡು ಕೊಡಿಸಲು ಯಾವ ತಾಯಿಗೆ ಮನಸ್ಸು ಬರುತ್ತದೆ? ಬೇಡ ಪುಟ್ಟಿ, ನಾವು ನೋಡ್ಕೋತೀವಿ ಎಂದೆ.

ಬೀದಿಯ ಕೊನೆಯ ಮನೆಯ ದಂಪತಿ ವರ್ಷಕ್ಕೊಮ್ಮೆ ಹೋಗಿ ಬರುವವರು, ಇದನ್ನೆಲ್ಲ ಪಳಗಿಸಿಕೊಂಡವರು. ಅವರು ಹೇಳಿದ್ದು ಬಹಳ ಉಪಯೋಗಕ್ಕೆ ಬಂತು. ನಾಲ್ಕು ಗಂಟೆಯ ಹಾರಾಟಕ್ಕೆ ಒಂದು ರೂಪಾಯಿಯನ್ನೂ ಹೆಚ್ಚು ಕೊಡಬೇಡಿ, ಕೊಡುವುದಿದ್ದರೆ ಉದ್ದದ ಹಾರಾಟಕ್ಕೆ ಕೊಡಿ. ತುರ್ತು ಬಾಗಿಲ ಪಕ್ಕದ ಸಾಲಿನಲ್ಲಿ ಕಾಲು ಚಾಚಲು ಧಾರಾಳ ಜಾಗ ಇರುತ್ತದೆ, ಆದರೆ ಅಪಾಯದ ಹೊತ್ತಿನಲ್ಲಿ ಬಾಗಿಲು ತೆರೆಯಲು ನೆರವಾಗುವ ಶಕ್ತಿ ಇದ್ದವರನ್ನು ಮಾತ್ರ ಅಲ್ಲಿ ಕೂರಿಸುತ್ತಾರೆ; ಊಟದ ಹಲಗೆ ಕೈಯಾಸರೆಯ ಒಳಗೆ ಮಡಿಚಿಟ್ಟಿರುವುದರಿಂದ ಆಸರೆ ಮೇಲೆತ್ತಲು ಬರುವುದಿಲ್ಲ. ಗೋಡೆಯ ಎದುರಿನ ಸಾಲಿನಲ್ಲಿ ತೊಟ್ಟಿಲು ಸಿಕ್ಕಿಸುತ್ತಾರೆ, ಕೂಸುಗಳಿರುತ್ತವೆ. ಸೀಟು ಮೇಲೇರಿದರೆ ಮೊದಲು ಹೇಳಿಟ್ಟ ಸಸ್ಯಾಹಾರದ ಊಟ ಜೊತೆಗೆ ಏರುತ್ತದೆಂದು ತಿಳಿಯಬೇಡಿ, ಮತ್ತೊಮ್ಮೆ ಹೇಳಿ. ಇನ್ನು ಆ ಮುಳ್ಳನ್ನು ನಂಬಿ ಹೆಚ್ಚು ಕೂಗಬೇಡಿ, ಎದುರಿಗೆ ಯಾರು ಎಷ್ಟು ಕೂಗಿದ್ದಾರೆ ಎಂಬುದು ನಿಮಗೆ ಕಾಣುವುದಿಲ್ಲ.

ಈ ಕೊನೆಯ ಮಾತು ನನ್ನನ್ನು ದನಗಳ ಜಾತ್ರೆಗೆ ಎಳೆದುಕೊಂಡು ಹೋಯಿತು. ಅಲ್ಲಿ ದಲ್ಲಾಳಿಗಳು ಟವೆಲಿನ ಕೆಳಗೆ ಬೆರಳು ಹಿಡಿದು ವ್ಯಾಪಾರ ಮಾಡುವುದನ್ನು ಚಿಕ್ಕಂದಿನಲ್ಲಿ ಬೆರಗಿನಿಂದ ನೋಡಿದ್ದೇನೆ. ಸುತ್ತ ನಿಂತವರಿಗೆ ಬೆಲೆ ತಿಳಿಯುವುದಿಲ್ಲ, ನಿಜ. ಆದರೆ ಟವೆಲಿನೊಳಗೆ ಎರಡು ಕೈ ಇರುತ್ತವೆ. ಎದುರಿನ ಬೆರಳು ಬಿಗಿಯಾಯಿತೋ ಸಡಿಲವಾಯಿತೋ ಗೊತ್ತಾಗುತ್ತದೆ. ಇಲ್ಲಿ ಕೈ ಚಾಚಿದರೆ ಸಿಗುವುದು ಬಣ್ಣ ಬಳಿದ ಮುಳ್ಳು. ನಾವು ಏನನ್ನೂ ಕೂಗದೆ ಬಿಟ್ಟೆವು.

ಮನಸ್ಸಿಗೆ ಕೊರೆಯುತ್ತಿದ್ದ ಇನ್ನೊಂದು ಭಯ ಕಾಲಿನ ರಕ್ತ ಹೆಪ್ಪುಗಟ್ಟುವುದರದು. ಅರುವತ್ತು ದಾಟಿದ ಮೇಲೆ ಅದನ್ನು ತಳ್ಳಿಹಾಕಲಾಗದು. ಇದಕ್ಕೆ ಎಕಾನಮಿ ಕ್ಲಾಸಿನ ಕಾಯಿಲೆ ಎಂದೇ ಅಡ್ಡಹೆಸರು ಬಿದ್ದಿದೆ. ಆದರೆ ಇದರ ಹಿಂದಿನ ಕಥೆ ವಿಮಾನದ್ದಲ್ಲ. 1940ರಲ್ಲಿ ಲಂಡನ್ನಿನ ಮೇಲೆ ಬಾಂಬು ಬೀಳುತ್ತಿದ್ದಾಗ ಜನ ರಾತ್ರಿಯಿಡೀ ನೆಲಮಾಳಿಗೆಗಳಲ್ಲಿ ಅಡಗಿ ಕೂರುತ್ತಿದ್ದರು. ಬಾಂಬು ತಾಕದೆಯೂ ಕೆಲವರು ಬೆಳಗಿನ ಹೊತ್ತಿಗೆ ಸಾಯುತ್ತಿದ್ದರು. ಶವಪರೀಕ್ಷೆ ಮಾಡುತ್ತಿದ್ದ ಡಾಕ್ಟರ್ ಕೀತ್ ಸಿಂಪ್ಸನ್ ಅವರು ಕಾಲಿನಲ್ಲಿ ಹೆಪ್ಪುಗಟ್ಟಿದ ರಕ್ತ ಶ್ವಾಸಕೋಶಕ್ಕೆ ಹೋಗಿರುವುದನ್ನು ಕಂಡರು. ಸತ್ತವರಲ್ಲಿ ಹಲವರು ಮಡಿಸುವ ಬಟ್ಟೆ ಕುರ್ಚಿಗಳಲ್ಲಿ ರಾತ್ರಿ ಕಳೆದವರು. ಕುರ್ಚಿಯ ಮುಂದಿನ ಮರದ ಅಂಚು ತೊಡೆಯ ಕೆಳಗೆ ಒತ್ತಿ ರಕ್ತದ ಓಟವನ್ನು ತಡೆದಿತ್ತು. ಮಲಗಲು ಅಟ್ಟಣಿಗೆ ಹಾಕಿಕೊಡಿ ಎಂಬ ಕೂಗು ಎದ್ದಿತು, ಕ್ರಮೇಣ ಸುರಂಗ ನಿಲ್ದಾಣಗಳಲ್ಲಿ ಅಟ್ಟಣಿಗೆಗಳು ಬಂದವು. ಮನುಷ್ಯನ ಮೈ ಮಲಗಲೆಂದು ಇರುವುದು, ರಾತ್ರಿಯಿಡೀ ಮಡಚಿಕೊಂಡು ಕೂರಲೆಂದಲ್ಲ ಎನ್ನುವುದಕ್ಕೆ ಇದಕ್ಕಿಂತ ದಾರುಣ ಸಾಕ್ಷಿ ಬೇಕಿಲ್ಲ.

ವಿಶ್ವ ಆರೋಗ್ಯ ಸಂಸ್ಥೆ 2007ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ನನಗೆ ಧೈರ್ಯ ಸಿಕ್ಕಿತು. ನಾಲ್ಕು ಗಂಟೆಗಿಂತ ಹೆಚ್ಚು ಹೊತ್ತು ಅಲುಗಾಡದೆ ಕೂತು ಪ್ರಯಾಣ ಮಾಡಿದರೆ ಈ ಅಪಾಯ ಸುಮಾರು ಎರಡು ಪಟ್ಟಾಗುತ್ತದೆ, ಆದರೂ ಅದು ಆರು ಸಾವಿರಕ್ಕೆ ಒಂದರಷ್ಟು. ಬಸ್ಸು, ಕಾರು, ರೈಲಿಗೂ ಇದೇ ಮಾತು ಅನ್ವಯಿಸುತ್ತದೆ. ಅಂದರೆ ಕೂತ ದರ್ಜೆಗಿಂತ ಏಳದೆ ಕೂತದ್ದು ಕೆಡುಕು. ಹಾಗಾಗಿ ದುಡ್ಡಿಲ್ಲದೆ ಸಿಗುವ ಐಲ್ ಸೀಟು ಬಹಳ ದೊಡ್ಡ ಸಂಪತ್ತು. ಪಕ್ಕದವರನ್ನು ಎಬ್ಬಿಸದೆ ಎದ್ದು ನಾಲ್ಕು ಹೆಜ್ಜೆ ಹಾಕಬಹುದು. ಕಾಲು ಊದುವುದಂತೂ ತಪ್ಪಿದ್ದಲ್ಲ. ಅದರ ಮೇಲೆ ಹಾರಾಟದಲ್ಲಿ ಕ್ಯಾಬಿನ್ನಿನ ಗಾಳಿಯ ಒತ್ತಡ ಆರರಿಂದ ಎಂಟು ಸಾವಿರ ಅಡಿ ಎತ್ತರದ ಬೆಟ್ಟದ ಮೇಲಿದ್ದಷ್ಟು. ಮುಳ್ಳಯ್ಯನಗಿರಿಯ ತುದಿ 1,930 ಮೀಟರು, ಅಂದರೆ ಆರು ಸಾವಿರದ ಮುನ್ನೂರು ಅಡಿಯ ಆಸುಪಾಸು. ಆ ತುದಿಯಲ್ಲಿ ಒಂದು ಕುರ್ಚಿಗೆ ಬೆಲ್ಟು ಬಿಗಿದುಕೊಂಡು ಹದಿನಾರು ಗಂಟೆ ಕೂತ ಹಾಗೆ, ಅದೂ ಚಿಕ್ಕಮಗಳೂರಿನ ಆ ತೇವದ ಮಂಜಿಲ್ಲದೆ, ಒಣ ಗಾಳಿಯಲ್ಲಿ.

ಹೊರಡುವ ದಿನ ದೇವನಹಳ್ಳಿಯಲ್ಲಿ ಸಾಮಾನು ಹಾಕುವಾಗ ಕೌಂಟರಿನ ಹುಡುಗಿ ಪಾಸ್‌ಪೋರ್ಟ್ ನೋಡಿ, ನಮ್ಮವರನ್ನು ತಲೆ ಎತ್ತಿ ನೋಡಿ, "ಎರಡನೇ ಫ್ಲೈಟಲ್ಲಿ ಮುಂದಿನ ಕ್ಯಾಬಿನ್ನಲ್ಲಿ ಒಂದೇ ಒಂದು ಸೀಟು ಉಳಿದಿದೆ ಮೇಡಂ. 38 ಸಾವಿರ ಆಗುತ್ತೆ. ಬೇಕಾ?" ಎಂದಳು. ಹದಿನಾರು ಗಂಟೆಗೆ ಹಂಚಿದರೆ ಗಂಟೆಗೆ 2,375 ರೂಪಾಯಿ. ನಾನು ಯೋಚನೆ ಮಾಡದೆ "ಇವರಿಗೆ ಕೊಡಿ" ಎಂದೆ. ಅವರ ಮೊಣಕಾಲು ನನ್ನ ಕಣ್ಣ ಮುಂದಿತ್ತು.

"ಇಲ್ಲ, ಅವರ ಹೆಸರಿಗೆ ಮಾಡಿ" ಎಂದರು ನಮ್ಮವರು.

"ನನ್ನ ಕಾಲು ಎಲ್ಲಿ ಬೇಕಾದ್ರೂ ಹಿಡಿಸುತ್ತೇರೀ."

"ಹಿಡಿಸೋದಲ್ಲ ಕಣೇ ಪ್ರಶ್ನೆ. ನಾಳೆ ಬೆಳಗಾದ್ರೆ ಯಾರ ಕಾಲಿಗೆ ಕೆಲಸ ಇದೆ? ಮಗುವಿಗೆ ನೀರು ಹಾಕೋದು ನನ್ನ ಕಾಲ ಮೇಲಾ? ನೀನು ಊದಿದ ಕಾಲು ಇಟ್ಕೊಂಡು ಮಣೆ ಮೇಲೆ ಹೇಗೆ ಕೂರ್ತೀಯ?"

ನನ್ನಲ್ಲಿ ಉತ್ತರವಿರಲಿಲ್ಲ. ಹಿಂದೆ ಸಾಲು ಬೆಳೆಯುತ್ತಿತ್ತು. ನಾನು ಇನ್ನೂ ಹಿಂಜರಿಯುವುದನ್ನು ಕಂಡು ಮೆಲ್ಲಗೆ, "ನೀನು ಆ ಕಡೆ ಹೋದ್ರೆ ನಿನ್ನ ಸೀಟು ಖಾಲಿ. ನಂಗೂ ಎರಡು ಸೀಟು ಸಿಗುತ್ತೆ" ಎಂದು ಸೇರಿಸಿದರು. ನನ್ನನ್ನು ಒಪ್ಪಿಸಲಿಕ್ಕೆಂದೇ ಹೂಡಿದ ಮಾತು ಅದು ಎಂದು ನನಗೆ ಗೊತ್ತಿತ್ತು. ಅವರು ಕಾರ್ಡು ತೆಗೆದು ಕೊಟ್ಟರು.

ನಾನು ಕೆಲವು ದಿನಗಳಿಂದ ಅಂಗುಲ, ಗಂಟೆ, ರೂಪಾಯಿ ಎಲ್ಲವನ್ನೂ ಎಣಿಸಿದ್ದೆ. ದ್ಯುಪ್ವಿಯನ್ನು ಓದಿದ್ದೆ, ದಂಡವತೆಯವರನ್ನು ನೆನೆದಿದ್ದೆ. ಇಳಿದ ಮರುದಿನ ಯಾರ ಕಾಲಿಗೆ ಕೆಲಸವಿದೆ ಎಂದು ಮಾತ್ರ ಕೇಳಿಕೊಂಡಿರಲಿಲ್ಲ. ಕೊಲ್ಲಿಯ ಊರಿಗೆ ಹೋಗುವ ನಾಲ್ಕು ಗಂಟೆಯೂ ಅದನ್ನೇ ಯೋಚಿಸಿದೆ. ಇಳಿದು ನೇರವಾಗಿ ಆಪರೇಷನ್ ಥಿಯೇಟರಿಗೆ ಹೋಗಬೇಕಾದ ಡಾಕ್ಟರು, ಪರೀಕ್ಷೆಗೆ ಕೂರಬೇಕಾದ ಹುಡುಗ, ತಂದೆಯ ಕ್ರಿಯೆಗೆಂದು ಓಡಿ ಬರುವ ಮಗ, ಇವರಿಗೆಲ್ಲ ಆ ಒಂದು ಗೇಣಿನ ಬೆಲೆ ಬೇರೆ ಬೇರೆ. ಇಳಿದ ಮೇಲೆ ಎರಡು ದಿನ ಮಲಗಿ ಸುಧಾರಿಸಿಕೊಳ್ಳಬಲ್ಲವರಿಗೆ ಅದರ ಬೆಲೆ ಮತ್ತೊಂದು.

ಮುಂದಿನ ಕ್ಯಾಬಿನ್ನಿನಲ್ಲಿ ಮೀಂಗಾಲಿಗೆ ಆಸರೆ ಇತ್ತು, ದಪ್ಪ ದಿಂಬಿತ್ತು. ಕಾಲು ಚಾಚಿದೆ, ಎದುರಿನ ಸೀಟು ತಾಕಲಿಲ್ಲ. ಊಟದ ಮಾತು ಬೀದಿಯ ಕೊನೆಯ ಮನೆಯವರು ಹೇಳಿದ ಹಾಗೆಯೇ ಆಯಿತು. ಮತ್ತೊಮ್ಮೆ ಹೇಳಿದ್ದರಿಂದ ಗಗನಸಖಿ ಹಿಂದಿನಿಂದ ಅನ್ನ, ಪಲ್ಯ ತಂದುಕೊಟ್ಟಳು. ತಿಂದು ಕಣ್ಣು ಮುಚ್ಚಿದೆ. ಎರಡು ಗಂಟೆಯ ಗಾಢ ನಿದ್ದೆ. ಎಚ್ಚರವಾದಾಗ ಮೊದಲು ನೆನಪಾದದ್ದು ಪರದೆಯ ಆಚೆಗಿನ ಆ ಎರಡು ಮೊಣಕಾಲು. ಎದ್ದು ಹಿಂದಕ್ಕೆ ಹೋದೆ.

ನನ್ನ ಸೀಟು ಖಾಲಿ ಇರಲಿಲ್ಲ. ಒಬ್ಬ ಹುಡುಗ ಅಲ್ಲಿ ಕೂತಿದ್ದ. ಹಾಸನದವನಂತೆ, ಎಂಎಸ್ ಓದಲು ಮೊದಲ ಸಲ ಮನೆ ಬಿಟ್ಟು ಹೊರಟವನು. ಎಲ್ಲೋ ಹಿಂದಿನ ಸಾಲಿನಲ್ಲಿದ್ದವನನ್ನು ನಮ್ಮವರೇ ಮಾತಾಡಿಸಿ ಕರೆದುಕೊಂಡು ಬಂದಿದ್ದರು. ಹುಡುಗ ಅವರ ಭುಜಕ್ಕೆ ತಲೆ ಆನಿಸಿ ಬಾಯಿ ತೆರೆದು ನಿದ್ದೆ ಮಾಡುತ್ತಿದ್ದ. ಅವನಿಗೆ ಎಚ್ಚರವಾದೀತೆಂದು ಇವರು ಎರಡು ಗಂಟೆಯಿಂದ ಅಲುಗಾಡಿರಲಿಲ್ಲ. ನನ್ನನ್ನು ಕಂಡು ತುಟಿಯ ಮೇಲೆ ಬೆರಳಿಟ್ಟರು.

"ಪಾಪ, ಏರ್‌ಪೋರ್ಟಲ್ಲಿ ಅಳ್ತಿದ್ದ" ಎಂದು ಪಿಸುಗುಟ್ಟಿದರು.

ನನಗೆ ಆ ಲಂಡನ್ನಿನ ಬಟ್ಟೆ ಕುರ್ಚಿಗಳು ನೆನಪಾದವು. ಹುಡುಗನ ಕೆನ್ನೆ ತಟ್ಟಿ ಎಬ್ಬಿಸಿ, ಇಬ್ಬರನ್ನೂ ಎಬ್ಬಿಸಿಕೊಂಡು ವಿಮಾನದ ಹಿಂದಿನ ತುದಿಯವರೆಗೆ ನಡೆಸಿದೆ. ಆಮೇಲೆ ಇಳಿಯುವವರೆಗೂ ಎರಡು ಗಂಟೆಗೊಮ್ಮೆ ಅದೇ ಕೆಲಸ. ಕತ್ತಲಲ್ಲಿ, ಮಲಗಿದವರ ಕಾಲು ದಾಟಿಕೊಂಡು, ಮೂವರೂ ಸಾಲಾಗಿ ಹೋಗಿ ಅಡುಗೆಮನೆಯ ಹತ್ತಿರ ನಿಂತು ಹಿಮ್ಮಡಿ ಎತ್ತಿ ಇಳಿಸಿ, ಒಂದೊಂದು ಲೋಟ ನೀರು ಕುಡಿದು ಹಿಂದಿರುಗುವುದು. ನಾನು ತಂದಿದ್ದ ಕೋಡುಬಳೆಯ ಡಬ್ಬಿ ಅಲ್ಲೇ ಮುಗಿಯಿತು. ಹುಡುಗ ತನ್ನ ತಾಯಿ ಕಟ್ಟಿಕೊಟ್ಟ ಅಕ್ಕಿರೊಟ್ಟಿ ತೆಗೆದ. ಹಿಂದಿನ ಸಾಲುಗಳಲ್ಲಿ ನಮ್ಮ ವಯಸ್ಸಿನವರೇ ಎಷ್ಟೊಂದು ಮಂದಿ! ಕೊರಳಲ್ಲಿ ಪಾಸ್‌ಪೋರ್ಟಿನ ಚೀಲ, ಕಾಲಿಗೆ ಉಣ್ಣೆಯ ಕಾಲುಚೀಲ, ಯಾರದೋ ಬಾಣಂತನಕ್ಕೆ, ಯಾರದೋ ಮಕ್ಕಳನ್ನು ನೋಡಿಕೊಳ್ಳಲು ಹೊರಟ ಅಜ್ಜ ಅಜ್ಜಿಯರು. ಮಡಚಿಕೊಂಡೇ ಕೂತಿದ್ದರು. ಅವರಿಗೆಲ್ಲ ಎರಡೆರಡು ಅಂಗುಲ ಹಾಕಿಸಿಕೊಡುವ ಮಂತ್ರಿ ಈ ಆಕಾಶಕ್ಕೂ ಒಬ್ಬರು ಬರಬಾರದೇ ಎಂದು ಮನಸ್ಸು ಬಯಸಿತು.

ಮಗಳ ಮನೆಯಲ್ಲಿ ಬಚ್ಚಲೊಲೆ ಇಲ್ಲ, ಹಂಡೆ ಇಲ್ಲ. ಬಿಳಿಯ ತೊಟ್ಟಿಯೊಂದಿದೆ. ಅದರೊಳಗೆ ಗಿಡ್ಡ ಮಣೆಯೊಂದನ್ನು ಹಾಕಿಸಿಕೊಂಡು, ಸೀರೆಯನ್ನು ಮೊಣಕಾಲ ಮೇಲಕ್ಕೆ ಸಿಕ್ಕಿಸಿ, ಎರಡೂ ಕಾಲನ್ನು ಜೋಡಿಸಿ ಚಾಚಿದೆ. ತೊಟ್ಟಿಯ ಉದ್ದಕ್ಕೆ ಸರಿಯಾಗಿ ಹಿಡಿಸಿತು. ಅಳಿಯ ಬಿಸಿನೀರು ಬೆರೆಸಿ ಕೊಟ್ಟ. ಮಗಳು ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ಕೂತಳು. ಎಣ್ಣೆ ಹಚ್ಚಿದ ಕೂಸನ್ನು ನಮ್ಮವರು ಎರಡು ಕೈಯಲ್ಲಿ ಎತ್ತಿ ತಂದು ನನ್ನ ಕಾಲ ಮೇಲೆ ಬೋರಲಾಗಿ ಮಲಗಿಸಿದರು. ಮೊದಲ ತಂಬಿಗೆ ನೀರು ಬೆನ್ನ ಮೇಲೆ ಬಿದ್ದಾಗ ಒಮ್ಮೆ ಬೆಚ್ಚಿತು, ಎರಡನೆಯದಕ್ಕೆ ಸುಮ್ಮನಾಯಿತು, ಮೂರನೆಯದಕ್ಕೆ ನನ್ನ ಮೀಂಗಾಲಿಗೆ ಕೆನ್ನೆ ಒತ್ತಿ ನಿದ್ದೆ ಹೋಯಿತು.

"ಕಾಲು ನೋಯ್ತಿದೆಯೇನೇ?" ಎಂದು ಕೇಳಿದರು ನಮ್ಮವರು.

ನಾನು ಇಲ್ಲವೆಂದು ತಲೆಯಾಡಿಸಿ, ಇನ್ನೊಂದು ತಂಬಿಗೆ ನೀರಿಗೆ ಕೈ ಚಾಚಿದೆ.